ವಿವರ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರಿನ ಪದವಿಪೂರ್ವ ವಿದ್ಯಾರ್ಥಿಗಳು, ಅವರ ಹೆತ್ತವರು, ವಿಜ್ಞಾನ ಕಾರ್ಯಕ್ರಮಗಳಿಗೆ ಬರುವ ಛಾಯಾಗ್ರಾಹಕರು ಮತ್ತು ಬೋಟಿನವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಭೌತಶಾಸ್ತ್ರ ಕಲಿಸುವ ನನಗೆ ಈ ವಿಷಯ ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಅಳೆಯಲು ಮನುಷ್ಯನಿಗೆ ಸಿಕ್ಕಿದ ಅತ್ಯುತ್ತಮ ಅಳತೆಗೋಲು ಇದು. ಆ ಮಾತನ್ನು ಉತ್ತರಗಳ ಉದ್ದಕ್ಕೂ ಮತ್ತೆ ಮತ್ತೆ ಹೇಳಿದ್ದೇನೆ.

ವಿವರ್ತನೆ ಎಂದರೆ ಏನು?

ಸಾಗುತ್ತಿರುವ ಅಲೆಗೆ ಒಂದು ಅಂಚು, ಕಿಂಡಿ ಅಥವಾ ಸಣ್ಣ ಅಡ್ಡಿ ಎದುರಾದಾಗ ಅದು ನೆರಳು ಬೀಳಬೇಕಾದ ಜಾಗಕ್ಕೂ ಹರಡುತ್ತದೆ. ಹಾಗೆ ಹರಡಿದ ಅಲೆಯ ಭಾಗಗಳು ಒಂದರ ಮೇಲೊಂದು ಬಿದ್ದು ಕೆಲವು ದಿಕ್ಕುಗಳಲ್ಲಿ ಬಲಗೊಳ್ಳುತ್ತವೆ, ಕೆಲವು ದಿಕ್ಕುಗಳಲ್ಲಿ ಪರಸ್ಪರ ಅಳಿಸಿಹೋಗುತ್ತವೆ. ಹರಡುವುದು, ಆಮೇಲೆ ಪಟ್ಟಿಗಳು ಮೂಡುವುದು, ಇವೆರಡೂ ಸೇರಿ ವಿವರ್ತನೆ. 'ಅಂಚಿನಲ್ಲಿ ಬೆಳಕು ಬಾಗುವುದು' ಎಂದು ಬರೆದರೆ ಅಂಕ ಸಿಗುತ್ತದೆ, ಆದರೆ ಅದು ಅರ್ಧ ಉತ್ತರ. ಅಳೆಯಲು ಬರುವುದು ಉಳಿದ ಅರ್ಧ, ಅಂದರೆ ಆ ಪಟ್ಟಿಗಳು.

ನೀರಿನ ಅಲೆ, ಶಬ್ದ, ಬೆಳಕು, ರೇಡಿಯೊ ತರಂಗ, ಎಕ್ಸ್-ಕಿರಣ, ಎಲೆಕ್ಟ್ರಾನ್, ನ್ಯೂಟ್ರಾನ್ ಎಲ್ಲವೂ ಹೀಗೆ ವರ್ತಿಸುತ್ತವೆ. ಅಲೆಯ ಗುಣವಿರುವ ಯಾವುದೂ ಇದರಿಂದ ಹೊರತಲ್ಲ.

ಎಷ್ಟು ಹರಡುತ್ತದೆ ಎಂಬುದನ್ನು ಯಾವುದು ನಿರ್ಧರಿಸುತ್ತದೆ?

ಒಂದೇ ಒಂದು ಅನುಪಾತ: ತರಂಗದೂರವನ್ನು (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ) ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಕಿಂಡಿ ತರಂಗದೂರಕ್ಕಿಂತ ಲಕ್ಷಾಂತರ ಪಟ್ಟು ದೊಡ್ಡದಾದರೆ ಹರಡುವಿಕೆ ಗಮನಕ್ಕೇ ಬಾರದು. ಎರಡೂ ಹತ್ತಿರ ಹತ್ತಿರ ಬಂದಂತೆ ಅಲೆ ಎಲ್ಲ ಕಡೆಗೂ ಹಬ್ಬುತ್ತದೆ.

ಕೆಂಪು ಲೇಸರಿನ ತರಂಗದೂರ ಸುಮಾರು 650 ನ್ಯಾನೊಮೀಟರ್. ಅದನ್ನು 0.1 ಮಿಲಿಮೀಟರ್ ಅಗಲದ ಸೀಳುಗಂಡಿಯ ಮೂಲಕ ಬಿಟ್ಟರೆ 2 ಮೀಟರ್ ದೂರದ ಗೋಡೆಯ ಮೇಲೆ ನಡುವಿನ ಬೆಳಕಿನ ಪಟ್ಟಿ 26 ಮಿಲಿಮೀಟರ್ ಅಗಲವಾಗಿ ಕಾಣುತ್ತದೆ. ಗಂಡಿಯನ್ನು ಅರ್ಧಕ್ಕಿಳಿಸಿದರೆ ಪಟ್ಟಿ 52 ಮಿಲಿಮೀಟರ್ ಆಗುತ್ತದೆ. ಕಿಂಡಿ ಕಿರಿದಾದಷ್ಟೂ ಗೋಡೆಯ ಮೇಲಿನ ಚಿತ್ರ ಹಿರಿದು. ವಿವರ್ತನೆಯಿಂದ ಆಗುವ ಎಲ್ಲ ಅಳತೆಗಳ ಬೇರು ಈ ವಿಲೋಮ ಸಂಬಂಧದಲ್ಲಿದೆ. ಸಣ್ಣ ವಸ್ತು ತಾನೇ ತನ್ನ ದೊಡ್ಡ ಗುರುತನ್ನು ಗೋಡೆಯ ಮೇಲೆ ಬರೆಯುತ್ತದೆ, ನಾವು ಸ್ಕೇಲು ಹಿಡಿದರೆ ಸಾಕು.

ನಮ್ಮ ಕರಾವಳಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದೇ?

ಮಲ್ಪೆಯ ಬ್ರೇಕ್‌ವಾಟರ್ ಬಳಿ ನಿಂತು ನೋಡಿ. ಪಡುವಣದಿಂದ ಸಾಲುಸಾಲಾಗಿ ಬರುವ ಅಲೆಗಳಲ್ಲಿ ಒಂದು ಭಾಗ ಕಲ್ಲಿನ ಗೋಡೆಗೆ ಬಡಿದು ಒಡೆಯುತ್ತದೆ. ಗೋಡೆಯ ತುದಿಯನ್ನು ದಾಟಿದ ಭಾಗ ನೇರ ಹೋಗುವುದರ ಜೊತೆಗೆ ತುದಿಯನ್ನೇ ಕೇಂದ್ರ ಮಾಡಿಕೊಂಡು ಬಿಲ್ಲಿನಾಕಾರದಲ್ಲಿ ಗೋಡೆಯ ಹಿಂದಿನ ಶಾಂತ ನೀರಿಗೂ ಹರಡುತ್ತದೆ. ಒಳಗೆ ಹೋದಂತೆ ಅಲೆಯ ಎತ್ತರ ಕುಗ್ಗುತ್ತದೆ, ಆದರೆ ಪೂರ್ತಿ ಸೊನ್ನೆಯಾಗುವುದಿಲ್ಲ. ಮಂಗಳೂರಿನ ಅಳಿವೆಬಾಗಿಲಿನಲ್ಲೂ ಪಣಂಬೂರಿನ ನವಮಂಗಳೂರು ಬಂದರಿನ ಬಾಯಲ್ಲೂ ನಡೆಯುವುದು ಇದೇ.

ಸಮುದ್ರದ ಅಲೆಯ ತರಂಗದೂರ ಬೆಳಕಿನದರಂತೆ ಸೂಕ್ಷ್ಮವಲ್ಲ. ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಗೆ ಆಳ ಸಮುದ್ರದಲ್ಲಿ ಸುಮಾರು 156 ಮೀಟರ್, ಹತ್ತು ಮೀಟರ್ ಆಳದ ನೀರಿನಲ್ಲಿ 90 ಮೀಟರಿನ ಆಸುಪಾಸು. ಬಂದರಿನ ಬಾಯಿಯ ಅಗಲ ಇದಕ್ಕಿಂತ ತೀರಾ ದೊಡ್ಡದೇನಲ್ಲ. ಹಾಗಾಗಿ ಬಂದರನ್ನು ವಿನ್ಯಾಸಗೊಳಿಸುವ ಎಂಜಿನಿಯರರಿಗೆ ವಿವರ್ತನೆ ದಿನನಿತ್ಯದ ಲೆಕ್ಕ. ಬ್ರೇಕ್‌ವಾಟರ್ ಎಷ್ಟು ಉದ್ದವಿರಬೇಕು, ಬಾಯಿ ಯಾವ ದಿಕ್ಕಿಗಿರಬೇಕು, ಧಕ್ಕೆಯಲ್ಲಿ ಕಟ್ಟಿದ ಬೋಟುಗಳು ಒಂದಕ್ಕೊಂದು ಬಡಿಯದಂತೆ ಅಲೆಯ ಎತ್ತರ ಎಷ್ಟಕ್ಕೆ ಇಳಿಯಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಯಾಂತ್ರಿಕ ಬೋಟುಗಳೆಲ್ಲ ಬಂದರಿನೊಳಗೇ ಇರುತ್ತವೆ. ಹೊರಗೆ ಸಮುದ್ರ ಅತ್ಯಂತ ರಭಸವಾಗಿರುವುದೂ ಆಗಲೇ. ಬೋಟಿನ ಮಾಲೀಕರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು, ಹೆಸರು ಬೇರೆ ಇರಬಹುದು.

ಒಂದು ಎಚ್ಚರಿಕೆ: ದಡಕ್ಕೆ ಹತ್ತಿರವಾದಂತೆ ಅಲೆಗಳು ತಿರುಗಿ ದಡಕ್ಕೆ ಸಮಾಂತರವಾಗುವುದನ್ನು ವಿವರ್ತನೆ ಎಂದುಕೊಳ್ಳಬೇಡಿ. ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗುವುದರಿಂದ ಆಗುವ ಅದು ವಕ್ರೀಭವನ. ಸೇಂಟ್ ಮೇರಿಸ್ ದ್ವೀಪದ ಸುತ್ತ ಇವೆರಡೂ ಕೂಡಿಯೇ ನಡೆಯುತ್ತವೆ.

ಗೋಡೆಯ ಹಿಂದಿನ ಶಬ್ದ ಕೇಳುತ್ತದೆ, ಗೋಡೆಯ ಹಿಂದಿನ ಮನುಷ್ಯ ಕಾಣುವುದಿಲ್ಲ. ಏಕೆ?

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಹರ್ಟ್ಸ್ ಸ್ವರದ ತರಂಗದೂರ 3.4 ಮೀಟರ್, 1000 ಹರ್ಟ್ಸ್‌ನದು 34 ಸೆಂಟಿಮೀಟರ್. ಒಂದು ಮೀಟರ್ ಅಗಲದ ಬಾಗಿಲು ಶಬ್ದಕ್ಕೆ ನಿಜಕ್ಕೂ ಕಿರಿದಾದ ಕಿಂಡಿ. ಅದೇ ಬಾಗಿಲು ಹಸಿರು ಬೆಳಕಿನ ತರಂಗದೂರಕ್ಕಿಂತ ಹದಿನೆಂಟು ಲಕ್ಷ ಪಟ್ಟು ಅಗಲ. ಶಬ್ದ ಬಾಗಿಲಿನಾಚೆ ಎಲ್ಲ ಕಡೆ ತುಂಬುತ್ತದೆ, ಬೆಳಕು ಚೂಪಾದ ನೆರಳನ್ನು ಬಿಟ್ಟು ನೇರ ಹೋಗುತ್ತದೆ. ಗೋಡೆಗಳಿಂದಾಗುವ ಪ್ರತಿಫಲನವೂ ಶಬ್ದಕ್ಕೆ ನೆರವಾಗುತ್ತದೆ ಎಂಬುದನ್ನು ಮರೆಯಬಾರದು.

ಬಯಲಾಟ ನಡೆಯುವ ರಾತ್ರಿ ರಂಗಸ್ಥಳದ ಎದುರು ಕುಳಿತು ಕೇಳಿ, ಆಮೇಲೆ ಎದ್ದು ಯಾವುದಾದರೂ ಕಟ್ಟಡದ ಹಿಂದಕ್ಕೆ ಹೋಗಿ ಕೇಳಿ. ಭಾಗವತರ ರಾಗ ಗೊತ್ತಾಗುತ್ತದೆ, ಪದ್ಯದ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಮದ್ದಳೆಯ ಗುಂಭ ದಾಟಿ ಬರುತ್ತದೆ, ತಾಳದ ಚೂಪು ಮೊಂಡಾಗುತ್ತದೆ. ಸ, ಶ, ಚ ಮುಂತಾದ ವ್ಯಂಜನಗಳನ್ನು ಗುರುತಿಸಲು ಬೇಕಾದ ಶಬ್ದ ಬಹುಮಟ್ಟಿಗೆ ನಾಲ್ಕು ಸಾವಿರ ಹರ್ಟ್ಸ್ ಮತ್ತು ಅದಕ್ಕಿಂತ ಮೇಲಿನದು. ಅದರ ತರಂಗದೂರ 8.5 ಸೆಂಟಿಮೀಟರಿಗಿಂತ ಕಡಿಮೆಯಾದ್ದರಿಂದ ಕಟ್ಟಡವನ್ನು ಬಳಸಿ ಬರುವ ಶಕ್ತಿ ಅದಕ್ಕೆ ಕಡಿಮೆ. ತಗ್ಗಿನ ಸ್ವರಗಳು ಸಲೀಸಾಗಿ ಬಳಸಿ ಬರುತ್ತವೆ.

ಪ್ರತಿಫಲನ, ವಕ್ರೀಭವನ, ವಿವರ್ತನೆ: ವ್ಯತ್ಯಾಸ ಚುಟುಕಾಗಿ ಹೇಳಿ.

ಮೇಲ್ಮೈಗೆ ತಾಗಿ ಹಿಂದಿರುಗಿದರೆ ಪ್ರತಿಫಲನ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ವೇಗ ಬದಲಾಗಿ ದಿಕ್ಕು ತಿರುಗಿದರೆ ವಕ್ರೀಭವನ. ಮಾಧ್ಯಮ ಅದೇ ಆಗಿದ್ದು, ಅಲೆಯ ಒಂದು ಭಾಗಕ್ಕೆ ತಡೆ ಬಿದ್ದದ್ದರಿಂದ ಉಳಿದ ಭಾಗ ಹರಡಿದರೆ ವಿವರ್ತನೆ. ಕಾಮನಬಿಲ್ಲು ವಕ್ರೀಭವನ ಮತ್ತು ಪ್ರತಿಫಲನದಿಂದ ಆಗುವಂಥದ್ದು, ಅದನ್ನು ಇಲ್ಲಿ ತರಬೇಡಿ.

ವ್ಯತಿಕರಣಕ್ಕೂ ವಿವರ್ತನೆಗೂ ಏನು ಅಂತರ? ಸೂತ್ರ ಒಂದೇ ತರಹ ಇದೆ, ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲೆ ಬರುತ್ತದೆ!

ದ್ವಿತೀಯ ಪಿಯುಸಿಯವರು ಅತಿ ಹೆಚ್ಚು ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಮೂಲದಲ್ಲಿ ಎರಡೂ ಒಂದೇ ಕ್ರಿಯೆ: ಅಲೆಗಳು ಕೂಡುವುದು, ಕಳೆಯುವುದು. ಬೆರಳೆಣಿಕೆಯ ಮೂಲಗಳಿಂದ ಬಂದ ಅಲೆಗಳು ಸೇರಿದರೆ ವ್ಯತಿಕರಣ ಎನ್ನುತ್ತೇವೆ. ಒಂದೇ ತರಂಗಾಗ್ರದ (ಒಟ್ಟಿಗೇ ಮುಂದೆ ಸಾಗುವ ಅಲೆಯ ಮುಂಗೆರೆ) ಅಸಂಖ್ಯ ಬಿಂದುಗಳಿಂದ ಹೊರಟ ಅಲೆಗಳು ಸೇರಿದರೆ ವಿವರ್ತನೆ ಎನ್ನುತ್ತೇವೆ. ಗೆರೆ ಎಳೆದದ್ದು ನಮ್ಮ ಅನುಕೂಲಕ್ಕೆ.

ಈಗ ಸೂತ್ರದ ವಿಚಾರ. ಎರಡರಲ್ಲೂ ಷರತ್ತು 'ದಾರಿಯ ವ್ಯತ್ಯಾಸ ಒಂದು ಪೂರ್ಣ ತರಂಗದೂರ' ಎಂಬುದೇ, ಫಲ ಮಾತ್ರ ಬೇರೆ. ಎರಡು ಸೀಳುಗಂಡಿಗಳಿದ್ದಾಗ ಅವುಗಳಿಂದ ಬಂದ ಅಲೆಗಳ ದಾರಿಯ ವ್ಯತ್ಯಾಸ ಒಂದು ಪೂರ್ಣ ತರಂಗದೂರವಾದರೆ ಉಬ್ಬಿಗೆ ಉಬ್ಬು ಸೇರಿ ಬೆಳಕು ಮೂಡುತ್ತದೆ. ಒಂದೇ ಸೀಳುಗಂಡಿಯಲ್ಲಿ ಮೇಲಂಚಿಗೂ ಕೆಳಂಚಿಗೂ ನಡುವೆ ಒಂದು ಪೂರ್ಣ ತರಂಗದೂರದ ವ್ಯತ್ಯಾಸವಿದ್ದರೆ ಕತ್ತಲೆ. ಕಾರಣ ತಿಳಿಯಲು ಗಂಡಿಯನ್ನು ಮನಸ್ಸಿನಲ್ಲೇ ಎರಡು ಸಮಭಾಗ ಮಾಡಿ. ಮೇಲರ್ಧದ ಮೊದಲ ಬಿಂದುವನ್ನು ಕೆಳಗಿನ ಅರ್ಧದ ಮೊದಲ ಬಿಂದುವಿನ ಜೊತೆ ಜೋಡಿಸಿ. ಅವೆರಡರ ನಡುವಿನ ವ್ಯತ್ಯಾಸ ಅರ್ಧ ತರಂಗದೂರ, ಹಾಗಾಗಿ ಉಬ್ಬಿಗೆ ತಗ್ಗು ಸೇರಿ ಎರಡೂ ಅಳಿಸಿಹೋಗುತ್ತವೆ. ಎರಡನೆಯ ಬಿಂದುವಿಗೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು ಎಂದು ಜೋಡಿಸುತ್ತಾ ಹೋದರೆ ಪ್ರತಿ ಬಿಂದುವಿಗೂ ಅದನ್ನು ಅಳಿಸುವ ಜೊತೆಗಾರ ಸಿಗುತ್ತದೆ, ಒಂದೂ ಉಳಿಯುವುದಿಲ್ಲ. ಈ ಜೋಡಣೆಯನ್ನು ಒಮ್ಮೆ ಕಾಗದದ ಮೇಲೆ ಸ್ವತಃ ಬರೆದವರಿಗೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಗುರುತು: ಎರಡು ಕಿರಿದಾದ ಗಂಡಿಗಳ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಅಗಲ, ಒಂದೇ ಪ್ರಕಾಶದವು. ಒಂದೇ ಗಂಡಿಯಲ್ಲಿ ನಡುವಿನ ಪಟ್ಟಿ ಉಳಿದವುಗಳ ಎರಡರಷ್ಟು ಅಗಲ, ಅದರ ಪಕ್ಕದ ಪಟ್ಟಿಯ ಪ್ರಕಾಶ ನಡುವಿನದರ ಶೇಕಡ 5ಕ್ಕಿಂತಲೂ ಕಡಿಮೆ.

ಇದನ್ನು ಮೊದಲು ಕಂಡವರು ಯಾರು?

ಇಟಲಿಯ ಬೊಲೊನ್ಯಾದ ಪಾದ್ರಿ ಫ್ರಾಂಚೆಸ್ಕೊ ಮಾರಿಯಾ ಗ್ರಿಮಾಲ್ಡಿ. ಕತ್ತಲ ಕೋಣೆಗೆ ಸಣ್ಣ ರಂಧ್ರದಿಂದ ಬಿಸಿಲು ಬಿಟ್ಟು, ಅದರ ದಾರಿಯಲ್ಲಿ ಕಡ್ಡಿ ಹಿಡಿದಾಗ ನೆರಳು ಲೆಕ್ಕಕ್ಕಿಂತ ಅಗಲವಾಗಿರುವುದನ್ನೂ ಅದರ ಅಂಚಿನಲ್ಲಿ ಬಣ್ಣದ ಪಟ್ಟಿಗಳಿರುವುದನ್ನೂ ಅವರು ಕಂಡರು. ಡಿಫ್ರಾಕ್ಷನ್ ಎಂಬ ಹೆಸರನ್ನು ಕೊಟ್ಟವರೂ ಅವರೇ. ಅವರು ತೀರಿಕೊಂಡದ್ದು 1663ರಲ್ಲಿ, ಬರಹ ಅಚ್ಚಾದದ್ದು 1665ರಲ್ಲಿ.

ಆಮೇಲಿನ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆ ಪ್ಯಾರಿಸಿನದು. ಬೆಳಕು ಅಲೆ ಎಂದು ವಾದಿಸಿ ಒಗಸ್ಟಿನ್ ಫ್ರೆನೆಲ್ 1818ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಪ್ರಬಂಧ ಸಲ್ಲಿಸಿದರು. ತೀರ್ಪುಗಾರರಲ್ಲಿ ಒಬ್ಬರಾದ ಪುವಾಸೊಂ ಬೆಳಕು ಕಣಗಳೆಂದು ನಂಬಿದ್ದವರು. ಫ್ರೆನೆಲ್‌ರ ಗಣಿತವನ್ನೇ ಮುಂದುವರಿಸಿ, ಇದು ಸರಿಯಾದರೆ ದುಂಡು ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕಾಗುತ್ತದೆ, ಅದು ಅಸಂಬದ್ಧವಲ್ಲವೇ ಎಂದು ಅವರು ಆಕ್ಷೇಪಿಸಿದರು. ಸಮಿತಿಯ ಇನ್ನೊಬ್ಬ ಸದಸ್ಯ ಅರಾಗೊ ಪ್ರಯೋಗ ಮಾಡಿಯೇ ನೋಡಿದರು. ಚುಕ್ಕೆ ಅಲ್ಲೇ ಇತ್ತು. ತಟ್ಟೆಯ ಸುತ್ತಂಚಿನ ಪ್ರತಿ ಬಿಂದುವಿನಿಂದಲೂ ಕೇಂದ್ರಕ್ಕೆ ಇರುವ ದೂರ ಒಂದೇ ಆದ್ದರಿಂದ ಅಲ್ಲಿಗೆ ಬರುವ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿರುತ್ತವೆ. ಬಹುಮಾನ ಫ್ರೆನೆಲ್‌ಗೆ ಸಂದಿತು. ಎದುರಾಳಿಯ ಆಕ್ಷೇಪವೇ ಸಿದ್ಧಾಂತಕ್ಕೆ ಅತಿ ಗಟ್ಟಿ ಸಾಕ್ಷಿಯಾದ ಇಂಥ ನಿದರ್ಶನ ವಿಜ್ಞಾನದಲ್ಲಿ ವಿರಳ.

ಮನೆಯಲ್ಲಿ ಯಾವ ಉಪಕರಣವೂ ಇಲ್ಲದೆ ನೋಡಬಹುದೇ?

ಕೊಡೆ ಇದ್ದರೆ ಸಾಕು, ನಮ್ಮೂರಿನಲ್ಲಿ ಕೊಡೆಯಿಲ್ಲದ ಮನೆಯಿಲ್ಲ. ರಾತ್ರಿ ದೂರದ ಒಂಟಿ ಬೀದಿದೀಪವನ್ನು ಕೊಡೆಯ ತೆಳು ಬಟ್ಟೆಯ ಮೂಲಕ ನೋಡಿ. ದೀಪದ ನಾಲ್ಕೂ ಕಡೆಗೆ ಚುಕ್ಕೆಗಳ ಸಾಲು ಹೊರಟು ಅಡ್ಡಗೆರೆ, ಉದ್ದಗೆರೆಯ ಚಿತ್ರ ಮೂಡುತ್ತದೆ. ಪ್ರತಿ ಚುಕ್ಕೆಯ ಒಳಬದಿ ನೀಲಿ, ಹೊರಬದಿ ಕೆಂಪು. ಕೊಡೆಯನ್ನು ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಬಟ್ಟೆಯನ್ನು ಕಣ್ಣಿಗೆ ಹತ್ತಿರ ತಂದರೂ ದೂರ ಹಿಡಿದರೂ ಚುಕ್ಕೆಗಳ ಅಂತರ ಬದಲಾಗದು. ನೇಯ್ಗೆ ಹೆಚ್ಚು ಒತ್ತಾಗಿದ್ದಷ್ಟೂ ಚುಕ್ಕೆಗಳು ದೂರ ದೂರ ಸರಿಯುತ್ತವೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫ್ರಾನ್ಸಿಸ್ ಹಾಪ್ಕಿನ್ಸನ್ ರೇಷ್ಮೆ ಕರವಸ್ತ್ರದ ಮೂಲಕ ಬೀದಿದೀಪ ನೋಡಿ ಇದನ್ನೇ ಕಂಡು, ಕಾರಣವೇನೆಂದು ಗೆಳೆಯ ಡೇವಿಡ್ ರಿಟನ್‌ಹೌಸ್‌ಗೆ ಪತ್ರ ಬರೆದರು. ರಿಟನ್‌ಹೌಸ್ 1785ರಲ್ಲಿ ಸಣ್ಣ ತಿರುಪುಗಳ ಎಳೆಗಳ ನಡುವೆ ಕೂದಲುಗಳನ್ನು ಬಿಗಿದು ಮೊದಲ ಗ್ರೇಟಿಂಗ್ (ಸಮಾನ ಅಂತರದ ಒತ್ತಾದ ಗೆರೆಗಳ ಸಾಲು) ಮಾಡಿದರು. 1821ರ ಸುಮಾರಿಗೆ ಜರ್ಮನಿಯ ಫ್ರಾನ್‌ಹೋಫರ್ ತಂತಿಯ ಗ್ರೇಟಿಂಗ್ ಕಟ್ಟಿ ಬೆಳಕಿನ ತರಂಗದೂರವನ್ನೇ ಅಳೆದರು. ದೂರದ ನಕ್ಷತ್ರದಲ್ಲಿ ಯಾವ ಧಾತುವಿದೆ ಎಂದು ಇಂದು ಹೇಳುವ ರೋಹಿತದರ್ಶಕಗಳು ಈ ದಾರಿಯಲ್ಲೇ ಬೆಳೆದವು.

ಲೇಸರ್ ಪಾಯಿಂಟರಿನಿಂದ ತಲೆಗೂದಲಿನ ದಪ್ಪ ಅಳೆಯುವುದು ಹೇಗೆ?

ಕೂದಲನ್ನು ಬಿಗಿಯಾಗಿ ಹಿಡಿದು ಲೇಸರಿನ ಬಾಯಿಗೆ ಅಡ್ಡಲಾಗಿ ಅಂಟಿಸಿ. 2 ಮೀಟರ್ ದೂರದ ಗೋಡೆಗೆ ಬಿಡಿ. ಕೂದಲಿಗೆ ಲಂಬವಾಗಿ ಬೆಳಕು, ಕತ್ತಲೆಯ ಪಟ್ಟಿಗಳ ಸಾಲು ಕಾಣುತ್ತದೆ. ಒಂದು ಬದಿಯ ಹಲವು ಕತ್ತಲೆ ಪಟ್ಟಿಗಳ ಒಟ್ಟು ಅಂತರ ಅಳೆದು ಭಾಗಿಸಿದರೆ ಒಂದು ಪಟ್ಟಿಯ ಅಂತರ ಸಿಗುತ್ತದೆ. ತರಂಗದೂರವನ್ನು ಗೋಡೆಯ ದೂರದಿಂದ ಗುಣಿಸಿ, ಪಟ್ಟಿಯ ಅಂತರದಿಂದ ಭಾಗಿಸಿ. ಕೆಂಪು ಲೇಸರಿನಲ್ಲಿ ಅಂತರ 18.6 ಮಿಲಿಮೀಟರ್ ಬಂದರೆ ಕೂದಲಿನ ದಪ್ಪ 70 ಮೈಕ್ರೊಮೀಟರ್, ಅಂದರೆ 0.07 ಮಿಲಿಮೀಟರ್.

ಕೂದಲು ಕಿಂಡಿಯಲ್ಲ, ಅಡ್ಡಿ. ಆದರೂ ಸೂತ್ರ ಅದೇ. ಕಿಂಡಿ ಮತ್ತು ಅದೇ ಆಕಾರದ ಅಡ್ಡಿ, ನೇರ ಬೆಳಕು ಬೀಳುವ ಜಾಗವನ್ನು ಬಿಟ್ಟು, ಒಂದೇ ಚಿತ್ರ ಕೊಡುತ್ತವೆ ಎಂಬುದು ಬಾಬಿನೆಯ ತತ್ತ್ವ.

ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ, ಕನ್ನಡಿಯಂತೆ ಹೊಳೆಯುವ ಮೇಲ್ಮೈಯಿಂದ ಹಿಂದಿರುಗುವ ಕಿರಣವೂ ಅಪಾಯವೇ. ಆಕಾಶಕ್ಕೆ ಎಂದೂ ತೋರಿಸಬೇಡಿ. ಬಜ್ಪೆಗೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹೋಗುತ್ತವೆ.

ಸಿಡಿಯ ಬಣ್ಣ, ಸಾಬೂನು ಗುಳ್ಳೆಯ ಬಣ್ಣ, ನವಿಲುಗರಿಯ ಬಣ್ಣ ಎಲ್ಲವೂ ವಿವರ್ತನೆಯೇ?

ಸಿಡಿಯದು ಹೌದು. ಅದರ ಸುರುಳಿಯ ಎರಡು ಸುತ್ತುಗಳ ನಡುವಿನ ಅಂತರ 1.6 ಮೈಕ್ರೊಮೀಟರ್, ಡಿವಿಡಿಯಲ್ಲಿ 0.74. ಕೆಂಪು ಲೇಸರನ್ನು ಸಿಡಿಗೆ ನೆಟ್ಟಗೆ ಬಿಟ್ಟರೆ ಮೊದಲ ಚುಕ್ಕೆ 24 ಡಿಗ್ರಿ ಕೋನದಲ್ಲಿ, ಡಿವಿಡಿಯಲ್ಲಿ 61 ಡಿಗ್ರಿಯಲ್ಲಿ ಬೀಳುತ್ತದೆ. ಡಿವಿಡಿಯಲ್ಲಿ ಹೆಚ್ಚು ಮಾಹಿತಿ ಹಿಡಿಯುವುದು ಏಕೆಂದು ಆ ಕೋನವೇ ಹೇಳಿಬಿಡುತ್ತದೆ. ಸಾಬೂನು ಗುಳ್ಳೆ ಮತ್ತು ಒದ್ದೆ ರಸ್ತೆಯ ಮೇಲಿನ ಎಣ್ಣೆಯ ಬಣ್ಣ ತೆಳುಪೊರೆಯ ವ್ಯತಿಕರಣ. ನವಿಲುಗರಿಯಲ್ಲಿ ಸೂಕ್ಷ್ಮ ಕಡ್ಡಿಗಳು ಕ್ರಮವಾಗಿ ಜೋಡಣೆಯಾಗಿರುವುದರಿಂದ ಬಣ್ಣ ಮೂಡುತ್ತದೆ, ಅದು ಎರಡಕ್ಕೂ ಹತ್ತಿರದ ಸಂಬಂಧಿ.

ಚಂದ್ರನ ಸುತ್ತ ಕಾಣುವ ಉಂಗುರ ವಿವರ್ತನೆಯೇ?

ಎರಡು ಬಗೆಯ ಉಂಗುರಗಳಿವೆ. ಚಂದ್ರನಿಗೆ ಅಂಟಿಕೊಂಡಂತೆ, ಹೊರ ಅಂಚು ಕೆಂಪಗೆ ಕಾಣುವ ಸಣ್ಣ ಬಳೆ ವಿವರ್ತನೆಯದು. ತೆಳು ಮೋಡದ ನೀರ ಹನಿಗಳು ಅದನ್ನು ಮಾಡುತ್ತವೆ. ಹನಿಯ ವ್ಯಾಸ 10 ಮೈಕ್ರೊಮೀಟರ್ ಇದ್ದರೆ ಮೊದಲ ಉಂಗುರ ಚಂದ್ರನಿಂದ ಸುಮಾರು 4 ಡಿಗ್ರಿ ದೂರದಲ್ಲಿರುತ್ತದೆ. ಉಂಗುರದ ಗಾತ್ರ ನೋಡಿ ಮೋಡದ ಹನಿಯ ಗಾತ್ರ ಹೇಳಬಹುದು. ದೂರದಲ್ಲಿ ದೊಡ್ಡದಾಗಿ, 22 ಡಿಗ್ರಿಯಷ್ಟು ಆಚೆ, ಒಳ ಅಂಚು ಕೆಂಪಗೆ ಕಾಣುವುದು ಹಿಮದ ಹರಳುಗಳಲ್ಲಿ ಆಗುವ ವಕ್ರೀಭವನ.

ದುರ್ಬೀನು, ಸೂಕ್ಷ್ಮದರ್ಶಕ, ಕ್ಯಾಮೆರಾಗಳಿಗೆ ವಿವರ್ತನೆ ಮಿತಿ ಹಾಕುತ್ತದೆ ಎನ್ನುತ್ತಾರೆ. ಏನದು?

ಮಸೂರವೂ ಒಂದು ದುಂಡು ಕಿಂಡಿ. ಅದರ ಮೂಲಕ ಬಂದ ಬಿಂದುವಿನ ಬಿಂಬ ಬಿಂದುವಾಗಿ ಉಳಿಯದೆ ಸಣ್ಣ ತಟ್ಟೆಯಾಗುತ್ತದೆ. 1835ರಲ್ಲಿ ಜಾರ್ಜ್ ಏರಿ ಇದರ ಲೆಕ್ಕ ಕೊಟ್ಟರು. ಎರಡು ತಟ್ಟೆಗಳು ಒಂದರೊಳಗೊಂದು ಸೇರಿದರೆ ಎರಡು ವಸ್ತುಗಳು ಒಂದಾಗಿಯೇ ಕಾಣುತ್ತವೆ. ನಮ್ಮ ಕಣ್ಣಿನ ಪಾಪೆ 3 ಮಿಲಿಮೀಟರ್ ತೆರೆದಿದೆ ಎಂದುಕೊಂಡರೆ, ಮಲ್ಪೆ ತೀರದಿಂದ 5 ಕಿಲೋಮೀಟರ್ ದೂರದ ಬೋಟಿನಲ್ಲಿ ಒಂದು ಮೀಟರ್ ಅಂತರದಲ್ಲಿ ನಿಂತ ಇಬ್ಬರನ್ನು ಬರಿಗಣ್ಣು ಬೇರ್ಪಡಿಸಲಾರದು. ದೃಷ್ಟಿ ಎಷ್ಟೇ ಚುರುಕಾಗಿದ್ದರೂ ಅದು ಆಗದ ಮಾತು.

ಮಸೂರ ದೊಡ್ಡದಾದರೆ ಮಿತಿ ಹಿಂದೆ ಸರಿಯುತ್ತದೆ. ಖಗೋಳ ವಿಜ್ಞಾನಿಗಳು ಮತ್ತೆ ಮತ್ತೆ ದೊಡ್ಡ ದುರ್ಬೀನು ಕೇಳಲು ಮಂದ ಬೆಳಕು ಒಂದು ಕಾರಣ, ವಿವರ್ತನೆ ಇನ್ನೊಂದು. ಪುಣೆ ಬಳಿಯ ಖೋಡದ್‌ನಲ್ಲಿರುವ ದೈತ್ಯ ರೇಡಿಯೊ ದುರ್ಬೀನಿನ ಒಂದೊಂದು ತಟ್ಟೆಯ ವ್ಯಾಸ 45 ಮೀಟರ್. ಆದರೂ 21 ಸೆಂಟಿಮೀಟರ್ ತರಂಗಕ್ಕೆ ಅದರ ನೋಟ ಹುಣ್ಣಿಮೆ ಚಂದ್ರನ ಮೂರನೇ ಎರಡರಷ್ಟು ಮಸುಕು. ಅಂಥ 30 ತಟ್ಟೆಗಳನ್ನು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿ ಜೋಡಿಸಿದ್ದರಿಂದ ನೋಟ ಎರಡು ವಿಕಲೆಗಿಂತಲೂ (ಒಂದು ವಿಕಲೆ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಸೂಕ್ಷ್ಮವಾಯಿತು.

ಸೂಕ್ಷ್ಮದರ್ಶಕದ ಮಿತಿಯನ್ನು ಅರ್ನ್ಸ್ಟ್ ಅಬೆ 1873ರಲ್ಲಿ ತೋರಿಸಿದರು: ಕಾಣುವ ಬೆಳಕಿನಲ್ಲಿ ಸುಮಾರು 200 ನ್ಯಾನೊಮೀಟರ್. ಅದನ್ನು ದಾಟುವ ಉಪಾಯ ಕಂಡವರಿಗೆ 2014ರ ರಸಾಯನಶಾಸ್ತ್ರ ನೊಬೆಲ್ ಸಂದಿತು.

ಛಾಯಾಗ್ರಾಹಕರಿಗೆ ನನ್ನ ಸಲಹೆ: ಕಾಪು ದೀಪಸ್ತಂಭದ ಚಿತ್ರ ತೆಗೆಯುವಾಗ ಎಲ್ಲವೂ ಸ್ಪಷ್ಟವಾಗಿರಲೆಂದು ಮಸೂರದ ಕಿಂಡಿಯನ್ನು ತೀರಾ ಕಿರಿದಾಗಿಸುವ ಎಫ್/22ಕ್ಕೆ ಹೋಗಬೇಡಿ. ಅಲ್ಲಿ ಬಿಂದುವಿನ ತಟ್ಟೆ 30 ಮೈಕ್ರೊಮೀಟರಿಗೆ ಹಿಗ್ಗುತ್ತದೆ, ಎಫ್/8ರಲ್ಲಿ 11 ಮಾತ್ರ. ದೀಪಗಳ ಸುತ್ತ ನಕ್ಷತ್ರದಂಥ ಕಿರಣ ಬೇಕಿದ್ದರೆ ಮಾತ್ರ ಕಿಂಡಿ ಕಿರಿದು ಮಾಡಿ, ಅದೂ ವಿವರ್ತನೆಯೇ. ಜೇಮ್ಸ್ ವೆಬ್ ದುರ್ಬೀನಿನ ಚಿತ್ರಗಳಲ್ಲಿ ನಕ್ಷತ್ರಗಳಿಗೆ ಆರು ದೊಡ್ಡ ಕಿರಣಗಳು ಮೂಡಲು ಅದರ ಕನ್ನಡಿಗಳ ಷಟ್ಕೋನ ಆಕಾರ ಕಾರಣ.

ಎಕ್ಸ್-ಕಿರಣ ವಿವರ್ತನೆ ಎಂದರೇನು? ಸಂಶೋಧಕರೆಲ್ಲ ಎಕ್ಸ್‌ಆರ್‌ಡಿ ಎನ್ನುತ್ತಾರಲ್ಲ?

ಇಡೀ ವಿಷಯದ ಹೃದಯ ಇಲ್ಲಿದೆ.

ಹರಳಿನಲ್ಲಿ ಪರಮಾಣುಗಳು ಸಾಲಾಗಿ ಜೋಡಣೆಯಾಗಿವೆ, ಸಾಲುಗಳ ಅಂತರ ಮೀಟರಿನ ಸಾವಿರ ಕೋಟಿಯ ಒಂದು ಭಾಗದ ಲೆಕ್ಕದಲ್ಲಿದೆ. ಎಕ್ಸ್-ಕಿರಣದ ತರಂಗದೂರವೂ ಅಷ್ಟೇ. ಹಾಗಾದರೆ ಹರಳೇ ಎಕ್ಸ್-ಕಿರಣಕ್ಕೆ ಗ್ರೇಟಿಂಗ್ ಆಗಬೇಕಲ್ಲವೇ ಎಂದು ಮ್ಯಾಕ್ಸ್ ಫಾನ್ ಲಾವ ಯೋಚಿಸಿದರು. 1912ರಲ್ಲಿ ಮ್ಯೂನಿಕ್‌ನಲ್ಲಿ ಫ್ರೀಡ್ರಿಕ್ ಮತ್ತು ಕ್ನಿಪಿಂಗ್ ಪ್ರಯೋಗ ಮಾಡಿದಾಗ ಛಾಯಾಫಲಕದ ಮೇಲೆ ಚುಕ್ಕೆಗಳು ಮೂಡಿದವು. ಎಕ್ಸ್-ಕಿರಣ ಅಲೆ ಎಂಬುದೂ ಹರಳಿನಲ್ಲಿ ಪರಮಾಣುಗಳು ಸಾಲಾಗಿವೆ ಎಂಬುದೂ ಒಟ್ಟಿಗೇ ಸಿದ್ಧವಾಯಿತು. ಮರುವರ್ಷ ತಂದೆ ವಿಲಿಯಂ ಹೆನ್ರಿ ಬ್ರಾಗ್, ಮಗ ಲಾರೆನ್ಸ್ ಬ್ರಾಗ್ ಇದನ್ನು ಅಳತೆಯ ವಿಧಾನವಾಗಿಸಿದರು. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ಮಗನಿಗೆ 25 ವರ್ಷ.

ಅವರು ಮೊದಲು ಬಿಡಿಸಿದ ರಚನೆಗಳಲ್ಲಿ ಒಂದು ನಮ್ಮ ಅಡುಗೆಮನೆಯ ಉಪ್ಪು. ಅದರ ಸಾಲುಗಳ ಅಂತರ 2.82 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಭಾಗ). ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ತಾಮ್ರದ ಎಕ್ಸ್-ಕಿರಣದ ತರಂಗದೂರ 1.54 ಆಂಗ್‌ಸ್ಟ್ರಾಮ್. ಸಾಲುಗಳ ಅಂತರ, ತರಂಗದೂರ ಮತ್ತು ಕೋನವನ್ನು ಬೆಸೆಯುವ ಬ್ರಾಗ್ ಸೂತ್ರಕ್ಕೆ ಇವನ್ನು ಹಾಕಿದರೆ ಕಿರಣ 31.7 ಡಿಗ್ರಿ ತಿರುಗಿ ಹೊರಬರಬೇಕು. ಯಾವ ಊರಿನ ಯಂತ್ರದಲ್ಲಿ ಉಪ್ಪನ್ನು ಇಟ್ಟು ನೋಡಿದರೂ ದೊಡ್ಡ ಶಿಖರ (ಕಿರಣದ ತೀವ್ರತೆ ತೋರಿಸುವ ಗೆರೆಯ ಏರು) ಅಲ್ಲೇ ಬರುತ್ತದೆ. ಪ್ರತಿ ಖನಿಜಕ್ಕೂ ಇಂಥ ತನ್ನದೇ ಕೋನಗಳ ಪಟ್ಟಿ ಇದೆ, ಹಾಗಾಗಿ ಪುಡಿ ಕೊಟ್ಟರೆ ಒಳಗೇನಿದೆ ಎಂದು ಹೇಳಬಹುದು.

ಮಂಗಳೂರು ಹಂಚನ್ನು ತೆಗೆದುಕೊಳ್ಳಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು ನದಿ ಬಯಲಿನ ಆವೆಮಣ್ಣನ್ನು ಬಳಸಿದರು. ಆವೆಮಣ್ಣಿನ ಕೆಯೊಲಿನೈಟ್ ಖನಿಜ 12.3 ಡಿಗ್ರಿಯ ಸುತ್ತ ಶಿಖರ ಕೊಡುತ್ತದೆ. 500ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ನೀರಿನ ಅಂಶ ಹೊರಹೋಗಿ ಪರಮಾಣುಗಳ ಸಾಲು ಕೆಡುತ್ತದೆ, ಶಿಖರ ಮಾಯವಾಗುತ್ತದೆ. 26.6 ಡಿಗ್ರಿಯ ಮರಳಿನ ಶಿಖರ ಹಾಗೇ ಉಳಿಯುತ್ತದೆ. ಕೆಂಪು ಬಣ್ಣ ಕೊಡುವ ಕಬ್ಬಿಣದ ಹೆಮಟೈಟ್ 33.2ರಲ್ಲಿ ಎದ್ದು ನಿಲ್ಲುತ್ತದೆ. ಹಂಚು ಎಷ್ಟು ಬೆಂದಿದೆ ಎಂಬ ಕುಶಲಕರ್ಮಿಯ ಅಂದಾಜನ್ನು ಈ ಗೆರೆಗಳಲ್ಲಿ ಓದಬಹುದು. ಕೊಣಾಜೆ, ಸುರತ್ಕಲ್, ಮಣಿಪಾಲಗಳ ಪ್ರಯೋಗಾಲಯಗಳಲ್ಲಿ ಇಂಥ ಯಂತ್ರಗಳಿವೆ. ಕಾಲೇಜುಗಳು ವಿದ್ಯಾರ್ಥಿಗಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಜೀವಶಾಸ್ತ್ರವನ್ನು ಬದಲಿಸಿದ್ದೂ ಇದೇ ವಿಧಾನ. ರೋಸಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ 1952ರಲ್ಲಿ ತೆಗೆದ ಡಿಎನ್‌ಎ ಚಿತ್ರದಲ್ಲಿ ಗುಣಾಕಾರ ಚಿಹ್ನೆಯಂಥ ಆಕಾರ ಕಂಡಿತು. ಸುರುಳಿಯಾಕಾರದ ರಚನೆಗೆ ಅದು ಗುರುತು. ಡೊರೊಥಿ ಹಾಡ್‌ಕಿನ್ ಪೆನಿಸಿಲಿನ್, ಬಿ12 ಜೀವಸತ್ವ, ಇನ್ಸುಲಿನ್‌ಗಳ ರಚನೆ ಬಿಡಿಸಿದರು. 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಚರ್ಮ, ಮೂಳೆಗಳ ಕೊಲಾಜೆನ್ ಪ್ರೋಟೀನಿಗೆ ಮೂರೆಳೆಯ ರಚನೆ ಸೂಚಿಸಿದರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಸ ವಿಭಾಗ ಕಟ್ಟಿದರು. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿನ ರಚನೆಗಾಗಿ ವೆಂಕಟರಾಮನ್ ರಾಮಕೃಷ್ಣನ್ 2009ರಲ್ಲಿ ನೊಬೆಲ್ ಹಂಚಿಕೊಂಡರು.

ಸಿ. ವಿ. ರಾಮನ್ ಅವರಿಗೂ ವಿವರ್ತನೆಗೂ ಸಂಬಂಧ ಇದೆಯೇ?

ಇದೆ, ಮತ್ತು ಮಕ್ಕಳಿಗೆ ಇದನ್ನು ಹೇಳಲೇಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅವರು ಬರೆದ ಮೊದಲ ಸಂಶೋಧನಾ ಲೇಖನ 1906ರಲ್ಲಿ ಲಂಡನ್ನಿನ ನಿಯತಕಾಲಿಕದಲ್ಲಿ ಅಚ್ಚಾಯಿತು. ವಿಷಯ: ಆಯತಾಕಾರದ ಕಿಂಡಿಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ವಿವರ್ತನೆಯ ಪಟ್ಟಿಗಳು ಎರಡೂ ಬದಿಯಲ್ಲಿ ಏಕೆ ಸಮನಾಗಿರುವುದಿಲ್ಲ ಎಂಬುದು. ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲರೂ ಬಳಸುವ ಪಟ್ಟಕದಲ್ಲೇ ಅವರಿಗೆ ಅದು ಕಂಡಿತ್ತು. ಮುಂದೆ 1935-36ರಲ್ಲಿ ಬೆಂಗಳೂರಿನಲ್ಲಿ ನಾಗೇಂದ್ರನಾಥ್ ಜೊತೆ, ದ್ರವದಲ್ಲಿ ಸಾಗುವ ಶ್ರವಣಾತೀತ ಶಬ್ದದ ಅಲೆ ಬೆಳಕಿಗೆ ಗ್ರೇಟಿಂಗಿನಂತೆ ವರ್ತಿಸುವುದನ್ನು ವಿವರಿಸಿದರು. ಲೇಸರ್ ಕಿರಣವನ್ನು ಕ್ಷಣಾರ್ಧದಲ್ಲಿ ತಿರುಗಿಸುವ ಇಂದಿನ ಸಾಧನಗಳನ್ನು ಅರಿಯಲು ಈ ಸಿದ್ಧಾಂತ ಬೇಕೇ ಬೇಕು.

ಎಲೆಕ್ಟ್ರಾನಿನಂಥ ಕಣಗಳೂ ವಿವರ್ತನೆಗೊಳ್ಳುತ್ತವೆಯೇ?

ಹೌದು. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕ್ಕಲ್ ಹರಳಿಗೆ 54 ವೋಲ್ಟಿನ ಎಲೆಕ್ಟ್ರಾನ್‌ಗಳನ್ನು ಹಾಯಿಸಿದಾಗ 50 ಡಿಗ್ರಿಯಲ್ಲಿ ಶಿಖರ ಕಂಡಿತು. ಕಣಕ್ಕೂ ತರಂಗದೂರ ಇದೆ ಎಂದು ಡಿ ಬ್ರಾಯ್ ಹೇಳಿದ್ದ ಮಾತಿಗೆ ಅದು ಪುರಾವೆ. 1982ರಲ್ಲಿ ಡಾನ್ ಶೆಖ್ಟ್‌ಮನ್ ಎಲೆಕ್ಟ್ರಾನ್ ವಿವರ್ತನೆಯಲ್ಲಿ ಹತ್ತು ಮಡಿಕೆಯ ಸಮಮಿತಿ (ಹತ್ತನೇ ಒಂದು ಸುತ್ತು ತಿರುಗಿಸಿದಾಗಲೆಲ್ಲ ಚಿತ್ರ ಮೊದಲಿನಂತೆಯೇ ಕಾಣುವುದು) ಕಂಡಾಗ, ಹರಳಿನಲ್ಲಿ ಅದು ಅಸಾಧ್ಯವೆಂದುಕೊಂಡಿದ್ದವರು ನಂಬಲಿಲ್ಲ. ಹರಳಿನ ವ್ಯಾಖ್ಯೆಯೇ ಬದಲಾಗಿ 2011ರಲ್ಲಿ ಅವರಿಗೆ ನೊಬೆಲ್ ಬಂತು.

ಘಟ್ಟದ ಬುಡದಲ್ಲಿ ರೇಡಿಯೊ ಸಿಗುತ್ತದೆ, ಮೊಬೈಲ್ ಸಿಗುವುದಿಲ್ಲ. ಇದೂ ವಿವರ್ತನೆಯೇ?

ಬಹುಪಾಲು ಹೌದು. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ 275 ಮೀಟರ್, ಗುಡ್ಡದ ಆಚೆಗೆ ಅದು ಬಳಸಿ ಇಳಿಯಬಲ್ಲದು. 900 ಮೆಗಾಹರ್ಟ್ಸ್ ಮೊಬೈಲ್ ತರಂಗ 33 ಸೆಂಟಿಮೀಟರ್, 5ಜಿಯ 3.5 ಗಿಗಾಹರ್ಟ್ಸ್ 9 ಸೆಂಟಿಮೀಟರಿಗಿಂತ ಕಡಿಮೆ. ಇವುಗಳಿಗೆ ಗುಡ್ಡದ ನೆರಳು ದಟ್ಟ. ಟವರ್‌ಗಳ ದೂರ, ಪ್ರಸಾರದ ಶಕ್ತಿಯೂ ಲೆಕ್ಕಕ್ಕೆ ಬರುತ್ತವೆ.

ಇನ್ನೂ ಎಲ್ಲೆಲ್ಲಿ ಬಳಕೆಯಲ್ಲಿದೆ?

ಸಿಮೆಂಟ್, ಬಣ್ಣ, ಔಷಧದ ಪುಡಿಗಳ ಕಣಗಾತ್ರವನ್ನು ಲೇಸರ್ ವಿವರ್ತನೆಯಿಂದ ಅಳೆಯುತ್ತಾರೆ. 7.5 ಮೈಕ್ರೊಮೀಟರ್ ವ್ಯಾಸದ ಕೆಂಪು ರಕ್ತಕಣಗಳ ತೆಳು ಲೇಪನಕ್ಕೆ ಲೇಸರ್ ಬಿಟ್ಟರೆ ಒಂದು ಮೀಟರ್ ದೂರದಲ್ಲಿ 10 ಸೆಂಟಿಮೀಟರಿಗಿಂತ ತುಸು ಹೆಚ್ಚು ತ್ರಿಜ್ಯದ ಕಪ್ಪು ಉಂಗುರ ಬರುತ್ತದೆ. ಬ್ಯಾಂಕ್ ಕಾರ್ಡಿನ ಹೊಲೊಗ್ರಾಮ್ ಕೂಡ ವಿವರ್ತನೆಯ ಚಿತ್ರ. 2012ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ಕ್ಯೂರಿಯಾಸಿಟಿ ವಾಹನದೊಳಗೆ ಎಕ್ಸ್-ಕಿರಣ ವಿವರ್ತನೆಯ ಪುಟ್ಟ ಯಂತ್ರವಿದೆ. ಅಲ್ಲಿನ ಮಣ್ಣಿನಲ್ಲಿ ಯಾವ ಖನಿಜಗಳಿವೆ ಎಂದು ಅದು ಹೇಳಿದ್ದು ಬ್ರಾಗ್ ಸೂತ್ರದಿಂದಲೇ.

ಮಗಳಿಗೆ ಈ ವಿಷಯದಲ್ಲಿ ಆಸಕ್ತಿ ಬಂದಿದೆ. ಮುಂದೆ ಏನು ಓದಬೇಕು?

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರದ ಜೊತೆ ಗಣಿತವನ್ನು ಬಿಡದಿರಲಿ, ಯಾವುದೇ ಅಲೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸುವ ಫೂರಿಯೆ ಗಣಿತ ಇಲ್ಲಿ ಹೆಜ್ಜೆಹೆಜ್ಜೆಗೂ ಬೇಕು. ಆಮೇಲೆ ದ್ಯುತಿವಿಜ್ಞಾನ, ವಸ್ತುವಿಜ್ಞಾನ, ಹರಳುವಿಜ್ಞಾನ, ರಚನಾತ್ಮಕ ಜೀವಶಾಸ್ತ್ರ, ಸಾಗರ ಎಂಜಿನಿಯರಿಂಗ್ ಎಲ್ಲ ದಾರಿಗಳೂ ತೆರೆದಿವೆ. ದೇಶದೊಳಗೇ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ (ಎಲೆಕ್ಟ್ರಾನ್‌ಗಳನ್ನು ಅತಿ ವೇಗದಲ್ಲಿ ಸುತ್ತಿಸುವ ಯಂತ್ರ) ಪ್ರಖರ ಎಕ್ಸ್-ಕಿರಣದಿಂದಲೂ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳಿಂದಲೂ ವಿವರ್ತನೆಯ ಸಂಶೋಧನೆ ನಡೆಯುತ್ತದೆ, ವಿಶ್ವವಿದ್ಯಾಲಯಗಳ ಸಂಶೋಧಕರು ಅಲ್ಲಿ ಪ್ರಯೋಗದ ಸಮಯ ಕೋರಿ ಅರ್ಜಿ ಹಾಕಬಹುದು. ಸದ್ಯಕ್ಕೆ ಅವಳ ಕೈಗೆ ಒಂದು ಲೇಸರ್ ಪಾಯಿಂಟರ್, ಒಂದು ಹಳೆಯ ಸಿಡಿ, ಒಂದು ಸ್ಕೇಲು ಕೊಡಿ. ಸುತ್ತುಗಳ ಅಂತರ 1.6 ಮೈಕ್ರೊಮೀಟರ್ ಹೌದೋ ಅಲ್ಲವೋ ಎಂದು ಅವಳೇ ಅಳೆದು ನೋಡಲಿ.